ಸ್ನ್ಯಾಪ್‌ಷಾಟಿನಿಂದ ಮರಳಿ ಸಿಕ್ಕುವುದೆಷ್ಟು?

ಲೆಕ್ಕಪತ್ರಗಳು ಕಾಗದದಲ್ಲಿದ್ದ ಕಾಲದಲ್ಲಿ ಅವುಗಳಿಗೆ ಬರುತ್ತಿದ್ದ ಕೇಡು ಕಣ್ಣಿಗೆ ಕಾಣುವಂಥದಾಗಿತ್ತು. ಗೆದ್ದಲು ಹಿಡಿದರೆ ಮಣ್ಣು ಕಾಣುತ್ತಿತ್ತು. ಮಾಡು ಸೋರಿದರೆ ಮಸಿ ಕದಡುತ್ತಿತ್ತು. ಬೆಂಕಿ ಬಿದ್ದರೆ ಊರಿಗೇ ತಿಳಿಯುತ್ತಿತ್ತು. ಕೆಟ್ಟದ್ದೆಷ್ಟು, ಉಳಿದದ್ದೆಷ್ಟು ಎಂಬುದನ್ನು ಹಾಳೆ ಮಗುಚಿ ನೋಡಿ ಹೇಳಬಹುದಾಗಿತ್ತು. ಈಗ ಆಸ್ಪತ್ರೆಯ ರೋಗಿಗಳ ದಾಖಲೆ, ಶಾಲೆಯ ಅಂಕಪಟ್ಟಿ, ಸಹಕಾರ ಸಂಘದ ಠೇವಣಿಯ ಲೆಕ್ಕ, ಅಂಗಡಿಯ ಉದ್ದರಿ ಇವೆಲ್ಲವೂ ಕಂಪ್ಯೂಟರಿಗೆ ಸೇರಿವೆ. ಅಲ್ಲಿ ನಷ್ಟವಾದಾಗ ಹೊಗೆಯೂ ಏಳುವುದಿಲ್ಲ, ಸದ್ದೂ ಆಗುವುದಿಲ್ಲ. ಬೆಳಗ್ಗೆ ಕಛೇರಿಯ ಬಾಗಿಲು ತೆರೆದು ಯಂತ್ರದ ಗುಂಡಿಯನ್ನು ಒತ್ತಿದಾಗ, ನಿನ್ನೆಯವರೆಗೆ ಇದ್ದ ಲೆಕ್ಕ ಇಂದು ಕಾಣಿಸುವುದಿಲ್ಲ, ಅಷ್ಟೆ.

ಇಂಥ ಹೊತ್ತಿನಲ್ಲಿ ಯಂತ್ರವನ್ನು ನೋಡಿಕೊಳ್ಳುವ ತರುಣನು, "ಸ್ನ್ಯಾಪ್‌ಷಾಟ್ ಇದೆ ಸಾರ್, ಭಯಪಡಬೇಡಿ" ಎನ್ನುವುದುಂಟು. ಆ ಮಾತು ಕೆಲವು ಸಲ ನಿಜವಾಗುತ್ತದೆ. ಇನ್ನು ಕೆಲವು ಸಲ ಆ ಸ್ನ್ಯಾಪ್‌ಷಾಟನ್ನು ಸರಿಯಾಗಿ ತಿಳಿಯದೆ ಮುಟ್ಟಿದ್ದೇ ನಷ್ಟಕ್ಕೆ ಕಾರಣವಾಗಿರುತ್ತದೆ. ಸ್ನ್ಯಾಪ್‌ಷಾಟ್ ಎಂದರೇನು, ಅದರಿಂದ ಮರಳಿ ಸಿಕ್ಕುವುದೆಷ್ಟು, ಸಿಕ್ಕದೆ ಹೋಗುವುದು ಯಾವಾಗ ಎಂಬುದನ್ನು ಸ್ವಲ್ಪ ವಿಚಾರಮಾಡೋಣ. ಯಂತ್ರವನ್ನು ಎಂದೂ ಮುಟ್ಟದವರಿಗೂ ಇದು ತಿಳಿದಿರುವುದು ಒಳ್ಳೆಯದು. ಯಂತ್ರವನ್ನು ನೋಡಿಕೊಳ್ಳುವವರು ಬೇರೆಯವರಾದರೂ ಅದರಲ್ಲಿರುವ ಹಣದ ಲೆಕ್ಕ ನಮ್ಮದು.

ಮೊದಲು ವರ್ಚುಯಲ್ ಮಷೀನ್ ಎಂಬುದರ ಪರಿಚಯ ಬೇಕು. ದೊಡ್ಡ ಮನೆಯೊಂದಕ್ಕೆ ಅಡ್ಡಗೋಡೆ ಹಾಕಿ ವಠಾರ ಮಾಡಿ ನಾಲ್ಕು ಸಂಸಾರಗಳಿಗೆ ಬಾಡಿಗೆಗೆ ಕೊಡುವುದುಂಟಷ್ಟೆ. ಮಾಡು ಒಂದೇ, ಬಾವಿ ಒಂದೇ. ಆದರೆ ಪ್ರತಿಯೊಂದು ಸಂಸಾರಕ್ಕೂ ತನ್ನದೇ ಅಡಿಗೆಮನೆ, ತನ್ನದೇ ಬೀಗ. ಹಾಗೆಯೇ ಬಲವಾದ ಒಂದು ಕಂಪ್ಯೂಟರಿನೊಳಗೆ ಹಲವು ತೋರಿಕೆಯ ಕಂಪ್ಯೂಟರುಗಳನ್ನು ನೆಲೆಗೊಳಿಸಬಹುದು. ಒಳಗೆ ನಡೆಯುವ ಪ್ರೋಗ್ರಾಮಿಗೆ ತಾನೇ ಇಡೀ ಯಂತ್ರದ ಯಜಮಾನನೆಂಬ ಭಾವನೆ. ಈ ವಿದ್ಯೆ ಹೊಸದೇನೂ ಅಲ್ಲ. 1960ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ನಗರದಲ್ಲಿ ಐ.ಬಿ.ಎಂ. ಸಂಸ್ಥೆಯ ತಜ್ಞರು ಇದನ್ನು ರೂಪಿಸಿದರು. 1972ರಲ್ಲಿ ಅದು ಆ ಸಂಸ್ಥೆಯ ದೊಡ್ಡ ಯಂತ್ರಗಳೊಡನೆ ಗಿರಾಕಿಗಳಿಗೆ ದೊರೆಯತೊಡಗಿತು. 1999ರಲ್ಲಿ ವಿಎಂವೇರ್ ಎಂಬ ಸಂಸ್ಥೆ ಇದೇ ಕೆಲಸವನ್ನು ಮೇಜಿನ ಮೇಲಿನ ಸಾಮಾನ್ಯ ಕಂಪ್ಯೂಟರಿನಲ್ಲಿ ಮಾಡಬಲ್ಲ ತಂತ್ರಾಂಶವನ್ನು ಹೊರತಂದಿತು. ಇಂದು ಸಣ್ಣ ಪಟ್ಟಣಗಳ ಕಛೇರಿಗಳಲ್ಲಿಯೂ ಈ ಏರ್ಪಾಡು ಇದೆ.

ಇಲ್ಲಿ ನೆನಪಿಡತಕ್ಕ ಸಂಗತಿ ಒಂದೇ. ತೋರಿಕೆಯ ಯಂತ್ರಕ್ಕೆ ತನ್ನ ಡಿಸ್ಕು ಎಂದು ಕಾಣುವುದು, ಸಾಮಾನ್ಯವಾಗಿ, ಹೊರಗಿನ ಯಂತ್ರದಲ್ಲಿರುವ ಒಂದು ದೊಡ್ಡ ಫೈಲು. ಒಂದು ಕಛೇರಿಯ ಸಮಸ್ತ ವ್ಯವಹಾರವೂ ಆ ಒಂದು ಫೈಲಿನಲ್ಲಿ ಅಡಗಿರುತ್ತದೆ. ಸ್ನ್ಯಾಪ್‌ಷಾಟಿನ ಅನುಕೂಲವೂ ಅಪಾಯವೂ ಇದರಿಂದಲೇ ಹುಟ್ಟುತ್ತವೆ.

ಸ್ನ್ಯಾಪ್‌ಷಾಟ್ ಎಂಬ ಮಾತು ಬೇಟೆಗಾರರದು. ನಿಧಾನವಾಗಿ ಗುರಿಯಿಡದೆ ಥಟ್ಟನೆ ಹಾರಿಸಿದ ಗುಂಡಿಗೆ ಆ ಹೆಸರಿತ್ತು. ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ 1860ರಲ್ಲಿ ಅದನ್ನು ಛಾಯಾಚಿತ್ರಕ್ಕೆ ಬಳಸಿದನು. ಕಂಪ್ಯೂಟರಿನವರು ಛಾಯಾಚಿತ್ರದಿಂದ ಅದನ್ನು ಎರವಲು ಪಡೆದರು. ಹೆಸರು ಕೇಳಿದವರಿಗೆ, ಯಂತ್ರದ ಆ ಕ್ಷಣದ ಪಟವನ್ನು ತೆಗೆದು ಬೇರೆ ಕಡೆ ಭದ್ರವಾಗಿ ಇಟ್ಟಿದ್ದಾರೆ ಎಂಬ ಅರ್ಥ ಹೊಳೆಯುತ್ತದೆ. ನಡೆಯುವುದು ಅದಲ್ಲ.

ಒಂದು ಲೆಕ್ಕದ ಹಾಳೆಯನ್ನು ಕಲ್ಪಿಸಿಕೊಳ್ಳಿ. ಇಂದಿನಿಂದ ಈ ಹಾಳೆಯನ್ನು ಯಾರೂ ಮುಟ್ಟಕೂಡದೆಂದು ಹೇಳಿ, ಅದರ ಮೇಲೆ ಪಾರದರ್ಶಕವಾದ ಇನ್ನೊಂದು ಹಾಳೆಯನ್ನು ಹಾಸುತ್ತೇವೆ. ಇನ್ನು ಮುಂದಿನ ಬರಹವೆಲ್ಲ, ತಿದ್ದುಪಾಟೆಲ್ಲ ಮೇಲಿನ ಹಾಳೆಗೆ. ಓದುವಾಗ, ಮೇಲಿನ ಹಾಳೆಯಲ್ಲಿ ಏನಾದರೂ ಬರೆದಿದ್ದರೆ ಅದನ್ನು ಓದುವುದು. ಬರೆಯದ ಕಡೆ ಕೆಳಗಿನದು ತಾನಾಗಿ ಕಾಣುತ್ತದೆ. ವಿಎಂವೇರಿನಂಥ ತಂತ್ರಾಂಶದಲ್ಲಿ ಸ್ನ್ಯಾಪ್‌ಷಾಟ್ ತೆಗೆಯುವುದೆಂದರೆ ಇಷ್ಟೇ. ಮೂಲ ಫೈಲನ್ನು ಅಲ್ಲಿಗೆ ನಿಲ್ಲಿಸಿ, ವ್ಯತ್ಯಾಸಗಳನ್ನು ಮಾತ್ರ ಬರೆಯುವ ಹೊಸದೊಂದು ಫೈಲನ್ನು ಅದರ ಮೇಲೆ ಇಡುತ್ತಾರೆ. ಮತ್ತೊಂದು ಸ್ನ್ಯಾಪ್‌ಷಾಟ್ ತೆಗೆದರೆ ಮತ್ತೊಂದು ಹಾಳೆ. ಬೇರೆ ಕೆಲವು ಪದ್ಧತಿಗಳಲ್ಲಿ ಹೊಸದನ್ನು ಮೂಲದಲ್ಲಿಯೇ ಬರೆದು, ಅದಕ್ಕೆ ಮೊದಲು ಅಲ್ಲಿದ್ದ ಹಳೆಯದನ್ನು ಪಕ್ಕಕ್ಕೆ ಎತ್ತಿಡುತ್ತಾರೆ. ಕ್ರಮ ಬೇರೆಯಾದರೂ ಫಲ ಒಂದೇ: ಎರಡು ಹಾಳೆಗಳೂ ಕೂಡಿದರೆ ಮಾತ್ರ ಪೂರ್ಣವಾದ ಲೆಕ್ಕ.

ಆದುದರಿಂದಲೇ ಎಷ್ಟೇ ದೊಡ್ಡ ಯಂತ್ರವಾದರೂ ಅದರ ಸ್ನ್ಯಾಪ್‌ಷಾಟನ್ನು ಕ್ಷಣಮಾತ್ರದಲ್ಲಿ ತೆಗೆಯಬಹುದು. ಅಲ್ಲಿ ಪ್ರತಿ ಮಾಡುವ ಕೆಲಸವೇ ಇಲ್ಲ. ಆದರೆ ಇದೇ ಕಾರಣದಿಂದ, ಕೆಳಗಿನ ಹಾಳೆ ಹರಿದುಹೋದರೆ ಮೇಲಿನ ಹಾಳೆಯಲ್ಲಿ ಉಳಿಯುವುದು ಅಲ್ಲೊಂದು ಅಂಕಿ, ಇಲ್ಲೊಂದು ಹೆಸರು ಮಾತ್ರ.

ಈಗ ಒಂದು ಪತ್ತಿನ ಸಹಕಾರ ಸಂಘವನ್ನು ಭಾವಿಸೋಣ. ಅದರ ಯಂತ್ರಕ್ಕೆ ಏಪ್ರಿಲ್ ಒಂದರಂದು, ಹೊಸ ಲೆಕ್ಕದ ವರ್ಷದ ಮೊದಲ ದಿನ, ತಂತ್ರಾಂಶವನ್ನು ಬದಲಾಯಿಸುವ ಮುಂಚೆ ಒಂದು ಸ್ನ್ಯಾಪ್‌ಷಾಟ್ ತೆಗೆದರು. ಕೆಲಸ ಸುಸೂತ್ರವಾಗಿ ನಡೆಯಿತು, ಸ್ನ್ಯಾಪ್‌ಷಾಟನ್ನು ಮರೆತರು. ನವೆಂಬರ್ ಬಂತು. ಈ ಎಂಟು ತಿಂಗಳಲ್ಲಿ ಸದಸ್ಯರು ಕಟ್ಟಿದ ಠೇವಣಿ, ತೀರಿಸಿದ ಸಾಲ ಎಲ್ಲವೂ ಮೇಲಿನ ಹಾಳೆಯಲ್ಲಿವೆ. ಈ ಸಂಘಕ್ಕೆ ಬರಬಹುದಾದ ತೊಂದರೆಗಳು ನಾಲ್ಕು ಬಗೆ.

ಮೊದಲನೆಯದು ಸುಲಭವಾದದ್ದು. ಮಾರ್ಚ್ ತಿಂಗಳ ಒಂದು ಹಳೆಯ ಪಟ್ಟಿಯನ್ನು ಗುಮಾಸ್ತನು ಕೈತಪ್ಪಿ ಅಳಿಸಿದನು ಎನ್ನಿ. ಅದು ಕೆಳಗಿನ ಹಾಳೆಯಲ್ಲಿ ಹಾಗೆಯೇ ಇದೆ. ಇದಕ್ಕಾಗಿ ಇಡೀ ಯಂತ್ರವನ್ನು ಏಪ್ರಿಲ್ ಒಂದಕ್ಕೆ ಹಿಂದಿರುಗಿಸಬೇಕಾದ್ದಿಲ್ಲ. ಕೆಳಗಿನ ಡಿಸ್ಕಿನ ಪ್ರತಿಯೊಂದನ್ನು ಮಾಡಿ, ಆ ಪ್ರತಿಯನ್ನು ಬೇರೊಂದು ಯಂತ್ರಕ್ಕೆ, ಓದುವುದಕ್ಕೆ ಮಾತ್ರ ಎಂಬ ಕಟ್ಟಿನಲ್ಲಿ ಜೋಡಿಸಿ, ಬೇಕಾದ ಪಟ್ಟಿಯನ್ನು ಎತ್ತಿಕೊಳ್ಳಬಹುದು. ಸ್ನ್ಯಾಪ್‌ಷಾಟಿನಿಂದ ಮರಳಿ ಪಡೆಯುವ ಕೆಲಸಗಳಲ್ಲಿ ನಿರಪಾಯವಾದುದು ಇದು.

ಎರಡನೆಯದು ಮಾತಿನ ಗೊಂದಲದಿಂದ ಬರುವುದು. ಯಂತ್ರದ ಪರದೆಯ ಮೇಲೆ ಎರಡು ಆಜ್ಞೆಗಳು ಕಾಣುತ್ತವೆ: ರಿವರ್ಟ್, ಡಿಲೀಟ್. ಡಿಲೀಟ್ ಎಂದರೆ ಅಳಿಸುವುದಲ್ಲವೆ? ಹೆದರಿಕೆಯಾಗುವುದು ಸಹಜ. ಆದರೆ ಸ್ನ್ಯಾಪ್‌ಷಾಟನ್ನು ಡಿಲೀಟ್ ಮಾಡಿದರೆ ಮೇಲಿನ ಹಾಳೆಯ ಬರಹವೆಲ್ಲ ಕೆಳಗಿನ ಹಾಳೆಗೆ ಇಳಿದು ಎರಡೂ ಒಂದಾಗುತ್ತವೆ. ಇಂದಿನ ಲೆಕ್ಕಕ್ಕೆ ಬಾಧಕವಿಲ್ಲ. ರಿವರ್ಟ್ ಎಂಬ ಸಾಧುವಾದ ಮಾತೇ ಕಠಿಣವಾದದ್ದು. ಅದನ್ನು ಒತ್ತಿದರೆ ಯಂತ್ರ ಏಪ್ರಿಲ್ ಒಂದಕ್ಕೆ ಹೋಗಿ ನಿಲ್ಲುತ್ತದೆ. ಮೇಲಿನ ಹಾಳೆಯನ್ನು ತೆಗೆದು ಎಸೆಯಲಾಗುತ್ತದೆ. ಎಂಟು ತಿಂಗಳ ಠೇವಣಿ ಅದರೊಡನೆ ಹೋಯಿತು. ಎಸೆದ ಫೈಲಿನ ಜಾಗಕ್ಕೆ ಹೊಸದಾಗಿ ಏನೂ ಬರೆಯದಿದ್ದರೆ ತಜ್ಞರು ಡಿಸ್ಕನ್ನು ಜಾಲಾಡಿ ಅದನ್ನು ಎತ್ತಬಹುದು. ಯಂತ್ರ ನಡೆಯುತ್ತಿರುವ ಪ್ರತಿಯೊಂದು ನಿಮಿಷವೂ ಆ ಆಸೆಯನ್ನು ಕಡಮೆಮಾಡುತ್ತದೆ.

ಮೂರನೆಯದು ವಿಚಿತ್ರವಾದದ್ದು. ವಿದ್ಯುತ್ ಹೋಗಿ ಬಂದ ಮೇಲೋ, ಯಾರೋ ಯಂತ್ರವನ್ನು ಹೊಸದಾಗಿ ಜೋಡಿಸಿದ ಮೇಲೋ, ಲೆಕ್ಕವೆಲ್ಲ ಏಪ್ರಿಲ್ ಒಂದರದಾಗಿ ಕಾಣುತ್ತದೆ. ಯಾರೂ ರಿವರ್ಟ್ ಒತ್ತಿಲ್ಲ. ನಡೆದದ್ದೇನೆಂದರೆ, ಮೇಲಿನ ಹಾಳೆಯನ್ನು ಓದಬೇಕೆಂಬ ಸೂಚನೆ ತಪ್ಪಿಹೋಗಿ ಯಂತ್ರ ಕೆಳಗಿನ ಹಾಳೆಯನ್ನೇ ನೇರವಾಗಿ ತೆರೆದಿದೆ. ಎಂಟು ತಿಂಗಳ ಲೆಕ್ಕ ಪಕ್ಕದ ಫೈಲಿನಲ್ಲಿ ಸುರಕ್ಷಿತವಾಗಿದೆ! ಆಗಲೇ ಯಂತ್ರವನ್ನು ನಿಲ್ಲಿಸಿದರೆ ಸಾಮಾನ್ಯವಾಗಿ ಎಲ್ಲವೂ ಮರಳಿ ಸಿಕ್ಕುತ್ತದೆ. ಆದರೆ ಕಂಗಾಲಾದ ಗುಮಾಸ್ತನು, ಇರಲಿ, ಇಂದಿನ ವ್ಯವಹಾರವನ್ನಾದರೂ ಬರೆಯೋಣವೆಂದು ಕುಳಿತರೆ, ಮುಟ್ಟಬಾರದ ಕೆಳಗಿನ ಹಾಳೆಯ ಮೇಲೆ ಗೀಚಿದಂತಾಯಿತು. ಪ್ರತಿ ಹಾಳೆಗೂ ಒಂದು ಗುರುತಿನ ಸಂಖ್ಯೆ ಇರುತ್ತದೆ. ಮೇಲಿನ ಹಾಳೆ ತನ್ನ ಕೆಳಗಿನದರ ಸಂಖ್ಯೆಯನ್ನು ಬರೆದಿಟ್ಟುಕೊಂಡಿರುತ್ತದೆ. ಸಂಖ್ಯೆಗಳು ತಾಳೆಯಾಗದಿದ್ದರೆ ಯಂತ್ರ ಏಳುವುದಿಲ್ಲ. ಮರಿ ಹುಟ್ಟಿದ ಮೇಲೆ ತಾಯಿ ಡಿಸ್ಕು ಮಾರ್ಪಟ್ಟಿದೆ ಎಂಬ ಅರ್ಥದ ಎಚ್ಚರಿಕೆಯನ್ನು ತೋರಿಸಿ ನಿಂತುಬಿಡುತ್ತದೆ. ಸಂಖ್ಯೆಯನ್ನು ಬಲ್ಲವರು ತಿದ್ದಬಹುದು. ಗೀಚಿದ್ದನ್ನು ಅಳಿಸುವುದು ಅಷ್ಟು ಸುಲಭವಲ್ಲ.

ನಾಲ್ಕನೆಯದು ಜಾಗದ ಕೊರತೆಯಿಂದ ಆಗುವುದು. ಮೇಲಿನ ಹಾಳೆ ದಿನದಿನಕ್ಕೂ ಬೆಳೆಯುತ್ತಲೇ ಇರುತ್ತದೆ. ಒಂದು ದಿನ ಹೊರಗಿನ ಡಿಸ್ಕು ತುಂಬಿ ಯಂತ್ರ ನಿಲ್ಲುತ್ತದೆ. ಜಾಗ ಮಾಡಲು ಹೋದವರಿಗೆ, ಕೊನೆಯಲ್ಲಿ ಸೊನ್ನೆ ಸೊನ್ನೆ ಸೊನ್ನೆ ಒಂದು ಎಂಬಂಥ ವಿಕಾರ ಹೆಸರಿನ ದೊಡ್ಡ ಫೈಲೊಂದು ಕಾಣುತ್ತದೆ. ಇದಾವುದೋ ಕಸವೆಂದು ತಿಳಿದು ಅದನ್ನು ಕೈಯಾರೆ ಅಳಿಸುತ್ತಾರೆ. ಆ ಕಸವೇ ಎಂಟು ತಿಂಗಳ ಲೆಕ್ಕ. ಒಂದೇ ಸ್ನ್ಯಾಪ್‌ಷಾಟನ್ನು 72 ಗಂಟೆಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳಬಾರದೆಂದೂ, ಒಂದರ ಮೇಲೊಂದು 32ರವರೆಗೆ ಪೇರಿಸಲು ಅವಕಾಶವಿದ್ದರೂ ಎರಡು ಮೂರಕ್ಕೆ ನಿಲ್ಲಿಸುವುದು ಲೇಸೆಂದೂ ವಿಎಂವೇರಿನ ಸೂಚನೆಗಳಲ್ಲಿ ಹೇಳಿರುವುದು ಇಂಥ ಕಾರಣಗಳಿಗಾಗಿಯೇ.

ಇಷ್ಟೆಲ್ಲ ಸರಿಯಿದ್ದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಸ್ನ್ಯಾಪ್‌ಷಾಟ್ ತೆಗೆದ ಕ್ಷಣದಲ್ಲಿ ಲೆಕ್ಕ ಯಾವ ಸ್ಥಿತಿಯಲ್ಲಿತ್ತು? ಗುಮಾಸ್ತನು ಒಬ್ಬರ ಖಾತೆಯಿಂದ ಹಣ ಕಳೆದು, ಇನ್ನೊಬ್ಬರ ಖಾತೆಗೆ ಕೂಡಿಸುವುದಕ್ಕೆ ಲೇಖನಿ ಎತ್ತಿದ ಕ್ಷಣದಲ್ಲಿ ಪಟ ತೆಗೆದರೆ ಆ ಪಟದಲ್ಲಿರುವ ಲೆಕ್ಕ ಅರೆಬರೆ. ನಮ್ಮ ಹಳೆಯ ವ್ಯಾಪಾರಿಗಳು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಿದ್ದರು. ಖಾತೆ ಕೆಟ್ಟರೂ ಕಿರ್ದಿಯನ್ನು ನೋಡಿ ಅದನ್ನು ಸರಿಪಡಿಸಬಹುದಾಗಿತ್ತು. ಇಂದಿನ ಒಳ್ಳೆಯ ಡೇಟಾಬೇಸುಗಳೂ ಇದೇ ಪದ್ಧತಿಯನ್ನು ಅನುಸರಿಸುತ್ತವೆ. ಎದ್ದ ಕೂಡಲೇ ತಮ್ಮ ಕಿರ್ದಿಯನ್ನು ಓದಿ, ಪೂರ್ತಿಯಾದ ವ್ಯವಹಾರವನ್ನು ಉಳಿಸಿ, ಅರ್ಧದಲ್ಲಿ ನಿಂತುದನ್ನು ಬಿಟ್ಟುಬಿಡುತ್ತವೆ. ಆದರೆ ಕಿರ್ದಿ ಒಂದು ಡಿಸ್ಕಿನಲ್ಲಿ, ಖಾತೆ ಇನ್ನೊಂದರಲ್ಲಿ ಇದ್ದು, ಎರಡರ ಪಟವನ್ನೂ ಬೇರೆ ಬೇರೆ ಹೊತ್ತಿನಲ್ಲಿ ತೆಗೆದಿದ್ದರೆ ಈ ಉಪಾಯ ನಡೆಯದು. ಆದುದರಿಂದ ಪಟ ತೆಗೆಯುವ ಮುನ್ನ, ಕೈಯಲ್ಲಿರುವುದನ್ನು ಮುಗಿಸಿ ಒಂದು ಕ್ಷಣ ನಿಲ್ಲುವಂತೆ ಡೇಟಾಬೇಸಿಗೆ ಹೇಳುವ ಏರ್ಪಾಡೂ ಇದೆ. ಅದನ್ನು ಬಳಸಿದ ಸ್ನ್ಯಾಪ್‌ಷಾಟಿಗೆ ಹೆಚ್ಚು ಬೆಲೆ.

ಇನ್ನು, ಲೋಕದಲ್ಲಿ ನಡೆದ ಒಂದು ಪ್ರಸಂಗ. ಗಿಟ್‌ಲ್ಯಾಬ್ ಎಂಬುದು ನಾನಾ ದೇಶಗಳ ತಂತ್ರಾಂಶ ಬರೆಯುವವರ ಕೆಲಸವನ್ನು ತನ್ನಲ್ಲಿ ಇರಿಸಿಕೊಂಡು ಕಾಪಾಡುವ ಸಂಸ್ಥೆ. 2017ರ ಜನವರಿ 31ರ ರಾತ್ರಿ ಅದರ ಡೇಟಾಬೇಸಿನ ಮೇಲೆ ಹೊರೆ ಹೆಚ್ಚಿ, ಮುಖ್ಯಯಂತ್ರಕ್ಕೂ ಅದರ ಜೊತೆಯ ಯಂತ್ರಕ್ಕೂ ತಾಳ ತಪ್ಪಿತು. ಜೊತೆಯ ಯಂತ್ರದ ಮಾಹಿತಿಯನ್ನು ಅಳಿಸಿ ಹೊಸದಾಗಿ ತುಂಬಿಸಬೇಕೆಂದು ಹೊರಟ ಎಂಜಿನಿಯರರೊಬ್ಬರು ಅಳಿಸುವ ಆಜ್ಞೆಯನ್ನು ಮುಖ್ಯಯಂತ್ರಕ್ಕೇ ಕೊಟ್ಟುಬಿಟ್ಟರು. ಒಂದೆರಡು ಸೆಕೆಂಡಿನಲ್ಲಿ ತಪ್ಪು ತಿಳಿದು ತಡೆದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟ್ ಮಾಹಿತಿಯಲ್ಲಿ ಉಳಿದದ್ದು 4.5 ಗಿಗಾಬೈಟ್.

ಸಂಸ್ಥೆಯವರಲ್ಲಿ ಮಾಹಿತಿಯನ್ನು ಕಾಪಾಡುವ ಏರ್ಪಾಡುಗಳು ಇರಲಿಲ್ಲವೆಂದಲ್ಲ. ಹೆಸರಿಗೆ ಐದು ಬಗೆ ಇದ್ದವು. ಆ ರಾತ್ರಿ ಒಂದೂ ಸರಿಯಾಗಿ ಕೈಗೆ ಬರಲಿಲ್ಲ. ದಿನನಿತ್ಯ ಪ್ರತಿ ತೆಗೆಯುತ್ತಿದ್ದ ಪ್ರೋಗ್ರಾಮು ಡೇಟಾಬೇಸಿಗಿಂತ ಹಳೆಯ ಆವೃತ್ತಿಯದಾಗಿದ್ದು, ಪ್ರತಿ ದಿನವೂ ವಿಫಲವಾಗುತ್ತಿತ್ತು. ವಿಫಲವಾಯಿತೆಂದು ತಿಳಿಸುವ ಟಪಾಲುಗಳನ್ನು ಅಂಚೆಯ ಯಂತ್ರ ಒಪ್ಪಿಕೊಳ್ಳದೆ ತಿರಸ್ಕರಿಸುತ್ತಿತ್ತು. ಪ್ರತಿಗಳನ್ನು ಇಡಬೇಕಾದ ಉಗ್ರಾಣವನ್ನು ತೆರೆದು ನೋಡಿದರೆ ಬರಿದು. ಡಿಸ್ಕಿನ ಸ್ನ್ಯಾಪ್‌ಷಾಟ್ ತೆಗೆಯುವ ಸೌಕರ್ಯವನ್ನು ಡೇಟಾಬೇಸಿನ ಯಂತ್ರಗಳಿಗೆ ಹಚ್ಚಿರಲೇ ಇಲ್ಲ.

ಕಡೆಗೆ ಕೈಹಿಡಿದದ್ದು ಒಂದು ಆಕಸ್ಮಿಕ. ಅದೇ ದಿನ, ಸುಮಾರು 6 ಗಂಟೆಗಳ ಹಿಂದೆ, ಬೇರೊಂದು ಪ್ರಯೋಗಕ್ಕಾಗಿ ಮುಖ್ಯ ಡೇಟಾಬೇಸಿನ ಸ್ನ್ಯಾಪ್‌ಷಾಟೊಂದನ್ನು ಕೈಯಿಂದ ತೆಗೆದು, ಪರೀಕ್ಷೆಯ ಯಂತ್ರಕ್ಕೆ ಸಾಗಿಸಿದ್ದರು. ಮಾಮೂಲಿನಂತೆ ದಿನಕ್ಕೊಂದು ಸಲ ತೆಗೆಯುವ ಸ್ನ್ಯಾಪ್‌ಷಾಟಿಗೆ ಹೋಗಬೇಕಾಗಿದ್ದರೆ ನಷ್ಟ ಇನ್ನೂ ದೊಡ್ಡದಾಗುತ್ತಿತ್ತು. ಆ ಪರೀಕ್ಷೆಯ ಯಂತ್ರದ ಡಿಸ್ಕು ನಿಧಾನದ್ದು. ಅಲ್ಲಿಂದ ಮಾಹಿತಿಯನ್ನು ಮರಳಿ ತರಲು ಸುಮಾರು 18 ಗಂಟೆ ಹಿಡಿಯಿತು. ಜನರು ಬರೆದಿಟ್ಟಿದ್ದ ಪ್ರೋಗ್ರಾಮುಗಳು ಬೇರೆ ಕಡೆ ಇದ್ದುದರಿಂದ ಅವಕ್ಕೆ ಅಪಾಯವಾಗಲಿಲ್ಲ. ಆದರೆ ನಡುವಿನ ಆ 6 ಗಂಟೆಗಳಲ್ಲಿ ಡೇಟಾಬೇಸಿಗೆ ಸೇರಿದ್ದ ಸುಮಾರು 5000 ಯೋಜನೆಗಳ ದಾಖಲೆ, ಸುಮಾರು 5000 ಟಿಪ್ಪಣಿಗಳು, ಸುಮಾರು 700 ಹೊಸ ಬಳಕೆದಾರರ ಹೆಸರುಗಳು ಹೋದವು. ಸಂಸ್ಥೆಯವರು ಇದೊಂದನ್ನೂ ಮುಚ್ಚಿಡದೆ ಎಲ್ಲರಿಗೂ ತಿಳಿಯುವಂತೆ ಪ್ರಕಟಿಸಿದುದರಿಂದ ನಮಗೂ ಇದು ತಿಳಿಯಿತು.

ಈ ಪ್ರಸಂಗದಲ್ಲಿ ಗಮನಿಸತಕ್ಕ ಅಂಶಗಳು ಎರಡು. ಸ್ನ್ಯಾಪ್‌ಷಾಟು ಹಿಂದಿರುಗಿಸಿದ್ದು ತಾನು ತೆಗೆಯಲ್ಪಟ್ಟ ಕ್ಷಣವನ್ನು; ಆಮೇಲಿನ 6 ಗಂಟೆಗಳನ್ನು ಕೊಡುವ ಶಕ್ತಿ ಅದಕ್ಕಿರಲಿಲ್ಲ. ಮತ್ತು ಅದು ಆಗಲೇ ಬೇರೊಂದು ಯಂತ್ರಕ್ಕೆ ಸಾಗಿ ಪೂರ್ಣವಾದ ಪ್ರತಿಯಾಗಿ ನಿಂತಿತ್ತು. ಅಳಿಸುವ ಆಜ್ಞೆ ಅಲ್ಲಿಯವರೆಗೆ ತಲುಪುವಂತಿರಲಿಲ್ಲ.

ಬೇರೆ ಯಂತ್ರವಿದ್ದರೂ ಅದೇ ಮಾಡಿನ ಕೆಳಗಿದ್ದರೆ ಸಾಲದು ಎಂಬುದಕ್ಕೆ ಇನ್ನೊಂದು ನಿದರ್ಶನವುಂಟು. 2021ರ ಮಾರ್ಚ್ 10ರಂದು ಫ್ರಾನ್ಸ್ ದೇಶದ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓವಿಎಚ್ ಎಂಬ ಸಂಸ್ಥೆಯ, ಕಂಪ್ಯೂಟರುಗಳನ್ನು ಬಾಡಿಗೆಗೆ ಇಟ್ಟಿದ್ದ ಐದು ಅಂತಸ್ತಿನ ಕಟ್ಟಡ ಸುಟ್ಟುಹೋಯಿತು. ಯಂತ್ರವೂ ಅದರ ರಕ್ಷಣೆಯ ಪ್ರತಿಯೂ ಅದೇ ಕಟ್ಟಡದಲ್ಲಿದ್ದ ಗಿರಾಕಿಗಳಿಗೆ ಎರಡೂ ಒಟ್ಟಿಗೆ ಹೋದವು. ಮನೆಯ ಪತ್ರವನ್ನೂ ಅದರ ನಕಲನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಂತಾಯಿತು.

ಹಾಗಾದರೆ ಮಾಡತಕ್ಕದ್ದೇನು? ಲೆಕ್ಕ ಕಾಣೆಯಾಯಿತೆಂದು ತಿಳಿದ ಕ್ಷಣ, ಮೊದಲನೆಯದಾಗಿ, ಯಂತ್ರದಲ್ಲಿ ಹೊಸದಾಗಿ ಏನನ್ನೂ ಬರೆಯಬಾರದು, ಅದನ್ನು ನಿಲ್ಲಿಸಬೇಕು. ಎರಡನೆಯದಾಗಿ, ರಿವರ್ಟ್ ಆಗಲಿ, ಡಿಲೀಟ್ ಆಗಲಿ, ಯಾವ ಗುಂಡಿಯನ್ನೂ ಆತುರದಿಂದ ಒತ್ತಬಾರದು. ನಿರಪಾಯವಾದ ಡಿಲೀಟ್ ಕೂಡ ಹಾಳೆಗಳನ್ನು ಒಂದುಗೂಡಿಸಿಬಿಡುವುದರಿಂದ ಹಳೆಯ ಸ್ಥಿತಿ ಆಮೇಲೆ ಸಿಕ್ಕುವುದಿಲ್ಲ. ಮೂರನೆಯದಾಗಿ, ತಾಯಿ ಫೈಲು, ಮರಿ ಫೈಲುಗಳು, ಜೊತೆಗಿರುವ ಚಿಕ್ಕಪುಟ್ಟ ಫೈಲುಗಳು ಎಲ್ಲವನ್ನೂ ಇದ್ದಂತೆಯೇ ಬೇರೊಂದು ಡಿಸ್ಕಿಗೆ ನಕಲು ಮಾಡಬೇಕು. ನಾಲ್ಕನೆಯದಾಗಿ, ಏನು ಪ್ರಯೋಗ ಮಾಡಬೇಕಾದರೂ ಆ ನಕಲಿನ ಮೇಲೆ ಮಾಡಬೇಕು. ನಕಲು ಕೆಟ್ಟರೆ ಇನ್ನೊಂದು ನಕಲು ತೆಗೆಯಬಹುದು. ಮೂಲ ಕೆಟ್ಟರೆ ಇನ್ನೊಂದು ಮೂಲವಿಲ್ಲ. ಈ ನಾಲ್ಕನ್ನು ಪಾಲಿಸಿದವರ ಬಳಿಗೆ ತಜ್ಞನು ಮರುದಿನ ಬಂದರೂ ಕೆಲಸಕ್ಕೆ ಅವಕಾಶವಿರುತ್ತದೆ.

ಮುಂಜಾಗರೂಕತೆಯ ಮಾತಿಗೆ ಬಂದರೆ, ಲೋಕದಲ್ಲಿ ಬಳಕೆಯಲ್ಲಿರುವ ಸೂತ್ರ ಮೂರು-ಎರಡು-ಒಂದು. ಮಾಹಿತಿಯ ಪ್ರತಿಗಳು ಮೂರು ಇರಬೇಕು; ಅವು ಎರಡು ಬಗೆಯ ಸಾಧನಗಳಲ್ಲಿರಬೇಕು; ಒಂದಾದರೂ ಬೇರೆ ಸ್ಥಳದಲ್ಲಿರಬೇಕು. ಇದನ್ನು ಪ್ರಚಾರಕ್ಕೆ ತಂದವನು ಪೀಟರ್ ಕ್ರೋ ಎಂಬ ಛಾಯಾಗ್ರಾಹಕ. ತನ್ನ ಚಿತ್ರಗಳನ್ನು ಕಾಪಾಡಿಕೊಳ್ಳುವ ಕಷ್ಟವನ್ನು ಕಂಡವನಿಗೆ ಇದು ಹೊಳೆದದ್ದು ಆಶ್ಚರ್ಯವಲ್ಲ. ಸ್ನ್ಯಾಪ್‌ಷಾಟನ್ನು ಈ ಮೂರರಲ್ಲಿ ಒಂದೆಂದು ಎಣಿಸುವಂತಿಲ್ಲ. ತಂತ್ರಾಂಶವನ್ನು ಬದಲಾಯಿಸುವ ದಿನ ಬೆಳಗ್ಗೆ ಹಾಸಿ, ಕೆಲಸ ನೆಟ್ಟಗಾಯಿತೆಂದು ಕಂಡ ಮೇಲೆ ತೆಗೆದುಹಾಕುವ ಹಾಳೆ ಅದು. ಆ ಕೆಲಸಕ್ಕೆ ಅದರಂಥ ಅನುಕೂಲ ಇನ್ನೊಂದಿಲ್ಲ.

ನಮ್ಮ ಪಿಂಚಣಿಯ ಹಣ, ಮಗಳ ಮದುವೆಗೆಂದು ಕೂಡಿಟ್ಟ ಠೇವಣಿ, ಸಾಲ ತೀರಿತೆಂಬ ಪುರಾವೆ ಯಾವುದೋ ಸಂಘದ ಯಂತ್ರದಲ್ಲಿರುತ್ತವೆ. ಅದರ ಒಳಗನ್ನು ನಾವು ನೋಡಲಾರೆವು. ಆದರೆ ಸರ್ವಸದಸ್ಯರ ಸಭೆಗೆ ಹೋಗುತ್ತೇವೆ. ಅಲ್ಲಿ ಎದ್ದುನಿಂತು ಪ್ರಶ್ನೆ ಕೇಳುವ ಹಕ್ಕು ನಮಗಿದೆ. ಲಾಭಾಂಶವೆಷ್ಟು ಎಂದು ಕೇಳುವುದರ ಜೊತೆಗೆ ಕಾರ್ಯದರ್ಶಿಗಳನ್ನು ಇನ್ನೆರಡು ಮಾತು ಕೇಳಬಹುದು. ನಮ್ಮ ಲೆಕ್ಕದ ಪೂರ್ಣವಾದ ಪ್ರತಿ ಈ ಕಟ್ಟಡದಿಂದ ಹೊರಗೆ ಎಲ್ಲಿದೆ? ಆ ಪ್ರತಿಯಿಂದ ಲೆಕ್ಕವನ್ನು ನಿಜವಾಗಿ ಮರಳಿ ತೆಗೆದು ತಾಳೆ ನೋಡಿದ್ದು ಯಾವ ದಿನ? ಎರಡನೆಯ ಪ್ರಶ್ನೆಗೆ ಒಂದು ತಾರೀಖನ್ನು ಉತ್ತರವಾಗಿ ಹೇಳಬಲ್ಲ ಸಂಘದಲ್ಲಿ ಹಣವಿಟ್ಟವರು ನೆಮ್ಮದಿಯಿಂದ ಮನೆಗೆ ಹೋಗಬಹುದು.